ಪಾಸಾದ ಹುಡುಗಿಗೆ ಗಣಿತ ಎಲ್ಲಿದೆ?

ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗುವ ಗೆರೆಯನ್ನು ರಾಜ್ಯ ಸರ್ಕಾರ ಶೇ. 35ರಿಂದ 33ಕ್ಕೆ ಇಳಿಸಿದೆ. 2025ರ ಅಕ್ಟೋಬರ್‌ನಲ್ಲಿ ಘೋಷಿಸಿದಂತೆ 625ಕ್ಕೆ 206 ಅಂಕ ಬಂದು, ಪ್ರತಿ ವಿಷಯದಲ್ಲೂ ಕನಿಷ್ಠ 30 ಇದ್ದರೆ ಸಾಕು. ದ್ವಿತೀಯ ಪಿಯುಸಿಗೆ 600ಕ್ಕೆ 198. ಪರ-ವಿರೋಧದ ಮಾತು ಇನ್ನೂ ನಿಂತಿಲ್ಲ. ಇಳಿಕೆಯ ಪರ ನಿಂತವರ ಮಾತಿನಲ್ಲಿ ಹಳ್ಳಿಯ ಹುಡುಗಿ ಮತ್ತೆ ಮತ್ತೆ ಬರುತ್ತಾಳೆ. ಅವಳಿಗೆ ಗಣಿತ ಕಬ್ಬಿಣದ ಕಡಲೆ, ಆ ಒಂದು ವಿಷಯಕ್ಕಾಗಿ ಅವಳ ಓದು ನಿಲ್ಲಬಾರದು ಎನ್ನುತ್ತಾರೆ. ಕಾಳಜಿ ನಿಜವಾದದ್ದೇ. ಆದರೆ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹುಡುಗಿಯರ ಮುಂದಿರುವ ದಾರಿಗಳನ್ನು ಒಂದೊಂದಾಗಿ ನೋಡಿದರೆ, ಈ ರಿಯಾಯಿತಿಯಿಂದ ಅವರಿಗೆ ಸಿಗುವುದು ಅಂಕಪಟ್ಟಿ ಮಾತ್ರ, ಗಣಿತವಲ್ಲ ಎಂದು ನಾನು ಹೇಳಬೇಕಾಗಿದೆ.

ಗೆರೆ ಇಳಿದದ್ದು ಈ ಎರಡು ಪರೀಕ್ಷೆಗಳಲ್ಲಿ ಮಾತ್ರ. ಅವುಗಳ ಹಿಂದಿನ, ಮುಂದಿನ ಬಾಗಿಲುಗಳು ತಗ್ಗಿಲ್ಲ. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲೇ ರಾಯಣ್ಣನ ಹೆಸರಿನ ಸೈನಿಕ ಶಾಲೆ ಇದೆ. ಸೈನಿಕ ಶಾಲೆಗಳ ಅಖಿಲ ಭಾರತ ಪ್ರವೇಶ ಪರೀಕ್ಷೆಯಲ್ಲಿ ಆರನೇ ತರಗತಿಗೆ 300 ಅಂಕ, ಅದರಲ್ಲಿ 150 ಗಣಿತದ್ದು. ಒಂಬತ್ತನೇ ತರಗತಿಗೆ 400ರಲ್ಲಿ 200. ಕಿತ್ತೂರಿನಲ್ಲಿ 1969ರಿಂದ ರಾಣಿ ಚನ್ನಮ್ಮನ ಹೆಸರಿನ ಬಾಲಕಿಯರ ವಸತಿ ಶಾಲೆ ನಡೆದಿದೆ, ಈಗ ಅದು ಬಾಲಕಿಯರ ಸೈನಿಕ ಶಾಲೆ. ಸೈನಿಕ ಶಿಸ್ತಿನಲ್ಲಿ ಓದಿದ ಹುಡುಗಿಗೂ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ದಶಕಗಳ ಕಾಲ ಮುಚ್ಚಿಯೇ ಇತ್ತು. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆ ಅದು ತೆರೆಯಿತು. 2025ರ ಮೇ ತಿಂಗಳಲ್ಲಿ 17 ಹೆಣ್ಣುಮಕ್ಕಳ ಮೊದಲ ತಂಡ ಅಲ್ಲಿಂದ ತರಬೇತಿ ಮುಗಿಸಿ ಹೊರಬಂತು. ಆ ಅಕಾಡೆಮಿಯ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತಕ್ಕೆ. ಎರಡೂವರೆ ತಾಸಿನಲ್ಲಿ 120 ಪ್ರಶ್ನೆ, ಒಂದಕ್ಕೆ 75 ಸೆಕೆಂಡು, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಮೂರನೇ ಒಂದು ಪಾಲು ಅಂಕ ಕಡಿತ. ಎಂಜಿನಿಯರಿಂಗ್ ಸೀಟು ಬೇಕೆಂದರೂ ಗಣಿತ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಂಥ ಇನ್ನೊಂದು ವಿಷಯ ಕೂಡಿ ಶೇ. 45 ಇರಬೇಕು, ಮೀಸಲಾತಿ ವರ್ಗಗಳಿಗೆ 40. ಮೂವತ್ತು ಅಂಕದ ಗಣಿತವಷ್ಟೇ ಬರುವವಳಿಗೆ ಈ ಬಾಗಿಲುಗಳು ತೆರೆಯುವುದು ಕಷ್ಟ.

ಕಡಿಮೆ ಗೆರೆ ತರಗತಿಯೊಳಗಿನ ಪಾಠವನ್ನೂ ಕಡಿಮೆ ಮಾಡುತ್ತದೆ ಎಂಬುದು ಇನ್ನೂ ದೊಡ್ಡ ಹಾನಿ. ನಮ್ಮ ಪ್ರೌಢಶಾಲೆಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎಂಬ ಮಾತು ಎಲ್ಲರಿಗೂ ಗೊತ್ತು. ಥೇಲ್ಸ್ ಪ್ರಮೇಯ ಬಾಯಿಪಾಠ, ರೇಖಾತ್ಮಕ ಸಮೀಕರಣಗಳ ಒಂದು ನಕ್ಷೆ, ಸರಾಸರಿ-ಬಹುಲಕದ ಒಂದು ಲೆಕ್ಕ. ಪರೀಕ್ಷೆ ಹತ್ತಿರ ಬಂದಂತೆ ಹಿಂದುಳಿದ ಮಕ್ಕಳಿಗೆ ಇಷ್ಟನ್ನೇ ತಿದ್ದಿಸುತ್ತಾರೆ. ಅದರಿಂದ ಬಿಟ್ಟುಹೋಗುವುದು ಏನೆಂದು ತ್ರಿಕೋನಮಿತಿಯಲ್ಲಿ ಕಾಣುತ್ತದೆ. ಗೋಪುರದ ಬುಡದಿಂದ ಇರುವ ದೂರ ಮತ್ತು ಉನ್ನತ ಕೋನ ಕೊಟ್ಟು ಎತ್ತರ ಕೇಳಿದರೆ ಟ್ಯಾನ್ ಹಿಡಿಯಬೇಕು. ಗಾಳಿಪಟದ ದಾರದ ಉದ್ದ ಕೊಟ್ಟು ಎತ್ತರ ಕೇಳಿದರೆ ಸೈನ್. ಯಾವುದು, ಯಾಕೆ ಎಂದು ತಿಳಿಯಲು ಚಿತ್ರ ಬರೆದು, ಲಂಬಕೋನ ಎಲ್ಲಿದೆ, ಗೊತ್ತಿರುವ ಬಾಹು ಯಾವುದು ಎಂದು ನೋಡಬೇಕು. ಕೋಷ್ಟಕ ಉರುಹೊಡೆದವಳು ಪ್ರಶ್ನೆಯ ರೂಪ ಬದಲಾದ ಕೂಡಲೇ ಪೆನ್ನು ಕೆಳಗಿಡುತ್ತಾಳೆ. ಪಿಯುಸಿಯ ಕಲನಶಾಸ್ತ್ರ ನಿಂತಿರುವುದು ಈ ನೋಡುವ ಅಭ್ಯಾಸದ ಮೇಲೆಯೇ.

ಫೇಲಾದ ಹುಡುಗಿಯನ್ನು ಮನೆಯಲ್ಲಿ ಕೂಡಿಸುತ್ತಾರೆ, ಮದುವೆ ಮಾಡಿ ಕಳಿಸುತ್ತಾರೆ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ನಾನು ಅದನ್ನು ಹಗುರಾಗಿ ಕಾಣುವುದಿಲ್ಲ. ಆದರೆ ಅದಕ್ಕೆ ಉತ್ತರವಾಗಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಇದೆ. ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವಿನ ವಾರಗಳಲ್ಲಿ ಆ ಹುಡುಗಿಗೆ ಅವಳ ಊರಿನ ಶಾಲೆಯಲ್ಲೇ ಪಾಠ ಸಿಕ್ಕರೆ ವರ್ಷವೂ ಉಳಿಯುತ್ತದೆ, ಗಣಿತವೂ ಉಳಿಯುತ್ತದೆ. ಹುಡುಗಿಯರು ಹೇಗೂ ಮುಂದಿದ್ದಾರಲ್ಲ ಎಂದು ಕೆಲವರು ಹೇಳುತ್ತಾರೆ. ಹೌದು, 2024ರ ಎಸ್ಸೆಸ್ಸೆಲ್ಸಿಯಲ್ಲಿ ಹುಡುಗಿಯರು ಶೇ. 81.11, ಹುಡುಗರು ಶೇ. 65.90 ಪಾಸಾದರು. ಹಾಗಾದರೆ ಗೆರೆ ಇಳಿಸಲು ಹಳ್ಳಿಯ ಹುಡುಗಿಯ ಹೆಸರು ಯಾಕೆ ಬೇಕಾಯಿತು? ಸಿಬಿಎಸ್‌ಇಯಲ್ಲೂ 33 ಇದೆಯಲ್ಲ ಎಂಬ ವಾದಕ್ಕೆ ಹೆಚ್ಚು ಮಾತು ಬೇಡ: ಅಂಕ ಸಮನಾದರೆ ಪಾಠ ಸಮನಾಗುವುದಿಲ್ಲ.

ಹುಡುಗಿಗೆ ಸುಲಭದ ಓದು ಸಾಕು ಎಂಬ ಯೋಚನೆಯನ್ನು ಈ ದೇಶ 1960ರ ದಶಕದಲ್ಲೇ ಚರ್ಚಿಸಿ ತಳ್ಳಿಹಾಕಿತ್ತು. ಹುಡುಗ-ಹುಡುಗಿಯರಿಗೆ ಬೇರೆ ಬೇರೆ ಪಠ್ಯ ಬೇಡ ಎಂದು ಹಂಸಾ ಮೆಹ್ತಾ ಸಮಿತಿ ಹೇಳಿತು. ಅದನ್ನು ಒಪ್ಪಿದ ಕೊಠಾರಿ ಆಯೋಗ (1964–66) ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹುಡುಗಿಯರನ್ನು ಗಣಿತ-ವಿಜ್ಞಾನದತ್ತ ಪ್ರೋತ್ಸಾಹಿಸಬೇಕು, ಆ ವಿಷಯಗಳಿಗೆ ಶಿಕ್ಷಕಿಯರನ್ನು ವಿಶೇಷವಾಗಿ ತಯಾರು ಮಾಡಬೇಕು ಎಂದಿತು. ಅದಕ್ಕೂ ಎಷ್ಟೋ ಮೊದಲೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದ ರಾಜೇಶ್ವರಿ ಚಟರ್ಜಿ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನಿಸಿಕೊಂಡು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆ ನಡೆಸಿದರು.

ಆಯೋಗದ ಆ ಎರಡನೇ ಮಾತು, ಶಿಕ್ಷಕಿಯರ ಮಾತು, ನಮ್ಮ ತಾಲ್ಲೂಕುಗಳಲ್ಲಿ ಇಂದಿಗೂ ಬಾಕಿ. ರಾಜ್ಯದ ಹಲವು ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಕಲೆ ಮತ್ತು ವಾಣಿಜ್ಯ ಮಾತ್ರ ಇವೆ. ಹತ್ತಿರ ಅಂಥ ಕಾಲೇಜಷ್ಟೇ ಇದ್ದರೆ, ವಿಜ್ಞಾನ ಬೇಕಾದ ನಮ್ಮ ಕಡೆಯ ಹುಡುಗಿಯರು ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಇಲ್ಲ ನಿಜ. ಆದರೆ ಪ್ರಯೋಗಾಲಯ ಮುಗಿಸಿ ಕತ್ತಲಾದ ಮೇಲೆ ಊರಿಗೆ ಬರುವ ಬಸ್ಸು ಇದೆಯೇ ಎಂಬ ಪ್ರಶ್ನೆ ಟಿಕೆಟ್ಟಿನದಲ್ಲ. ಮಗಳನ್ನು ಪರ ಊರಿನ ಹಾಸ್ಟೆಲಿನಲ್ಲಿಡಲು ಹಿಂಜರಿಯುವ ಅಪ್ಪ-ಅವ್ವನ ಮುಂದೆ ಆಗ ಇರುವುದು ಹತ್ತಿರದ ಕಾಲೇಜಿನ ಕಲಾ ವಿಭಾಗವೊಂದೇ. ಆದ್ದರಿಂದ ಕೇಳಬೇಕಾದದ್ದು ಸ್ಪಷ್ಟವಿದೆ. ಈ ನಾಲ್ಕು ತಾಲ್ಲೂಕುಗಳ ಯಾವ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಇದೆ, ಎಲ್ಲಿ ಕಾಯಂ ಉಪನ್ಯಾಸಕರಿದ್ದಾರೆ, ಎಲ್ಲಿ ಅತಿಥಿ ಉಪನ್ಯಾಸಕರ ಮೇಲೆ ನಡೆದಿದೆ, ಎಲ್ಲಿ ಹುದ್ದೆಯೇ ಖಾಲಿ ಇದೆ ಎಂಬ ಪಟ್ಟಿಯನ್ನು ಇಲಾಖೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೇ ಪ್ರಕಟಿಸಲಿ. ಪ್ರವೇಶದ ಅರ್ಜಿ ತುಂಬುವ ಮೊದಲು ಅದು ಪಾಲಕರ ಕೈಗೆ ಸಿಗಬೇಕು.