ಕಾಫಿಗಿರುವ ಬಾಯಿ ಚಹಾಕ್ಕೆ ಯಾಕಿಲ್ಲ?

ನಮ್ಮ ಮಾವನವರು ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರದ ಕಾಫಿಪುಡಿ ಅಂಗಡಿಯಲ್ಲಿ ನಿಂತರೆ ನೋಡಬೇಕು. “ಪೀಬೆರಿ ಕಾಲು ಕೆಜಿ, ಪ್ಲಾಂಟೇಷನ್ ಎ ಕಾಲು ಕೆಜಿ, ಚಿಕೋರಿ ನೂರಕ್ಕೆ ಹದಿನೈದು. ಹುರಿದದ್ದು ಇವತ್ತೇ ತಾನೆ?” ಅಂಗಡಿಯವನು ಹೂಂ ಅಂದರೂ ಸಮಾಧಾನವಿಲ್ಲ. ಬಿಸಿ ಪುಡಿಯನ್ನು ಚಿಟಿಕೆಯಷ್ಟು ಅಂಗೈಗೆ ಹಾಕಿಸಿಕೊಂಡು ಮೂಸಿ ನೋಡಿದ ಮೇಲೇ ದುಡ್ಡು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದು ದಿನಸಿ ಅಂಗಡಿಗೆ ಬರುತ್ತಾರೆ. “ಒಂದು ಟೀ ಪ್ಯಾಕೆಟ್ ಕೊಡಪ್ಪ, ನಮ್ಮ ಸೊಸೆಗೆ.” ಯಾವ ಟೀ? ಯಾವುದಾದರೊಂದು.

ಆ ಸೊಸೆ ನಾನು, ಧಾರವಾಡದವಳು. ಕಾಫಿ ಮನೆಗೆ ಬಂದು 26 ವರ್ಷವಾಯಿತು. ಹಿತ್ತಾಳೆ ಫಿಲ್ಟರಿನ ಪಕ್ಕದಲ್ಲಿ ನನ್ನ ಚಹಾದ ಪಾತ್ರೆ ಇಂದಿಗೂ ಬಾಡಿಗೆಗೆ ಇದ್ದವರ ಹಾಗೆ ಮೂಲೆ ಹಿಡಿದು ಕೂತಿರುತ್ತದೆ. ಅದಕ್ಕೆ ಬೇಸರವಿಲ್ಲ. ನನ್ನ ತಕರಾರು ಬೇರೆ. ಕಾಫಿಯ ವಿಷಯದಲ್ಲಿ ಗುಲಗಂಜಿಯಷ್ಟು ಹೆಚ್ಚುಕಡಿಮೆಯಾದರೂ ಜಗಳಕ್ಕೆ ನಿಲ್ಲುವ ನಾವು ಚಹಾದ ಮುಂದೆ ಮೂಗರಾಗುವುದೇಕೆ?

ನನ್ನ ಅವ್ವ ಹಾಗಿರಲಿಲ್ಲ. ಹುಬ್ಬಳ್ಳಿಗೆ ಹೋದಾಗಲೆಲ್ಲ ಒಂದು ಟೀ ಡಿಪೋಕ್ಕೆ ಹೋಗುತ್ತಿದ್ದಳು. ತಗಡಿನ ದೊಡ್ಡ ಡಬ್ಬಿಗಳು, ತಕ್ಕಡಿ, ಹಳೇ ಪೇಪರಿನ ಪೊಟ್ಟಣ. “ಹ್ವಾದ ಸಲ ಕೊಟ್ಟಿದ್ರಲ್ಲ, ಬಣ್ಣ ಭಾಳ ಆತ್ರಿ, ವಾಸನೀನ ಇಲ್ಲ. ಈ ಸಲ ಡಸ್ಟ್ ಕಮ್ಮಿ ಮಾಡಿ ಕಾಳು ಹೆಚ್ಚ ಹಾಕ್ರಿ” ಅಂತ ಹೇಳಿದರೆ ಆತ ಎರಡು ಡಬ್ಬಿಗಳಿಂದ ತೆಗೆದು, ಪೇಪರಿನ ಮೇಲೆ ಕೈಯಿಂದಲೇ ಕಲೆಸಿ ಕೊಡುತ್ತಿದ್ದ. ಮನೆಗೆ ಬಂದು ಕಪ್ಪು ಬಸಿಯಲ್ಲಿ ಸುರುವಿಕೊಂಡು ಒಂದು ಗುಟುಕು ಕುಡಿದು, “ಹೂಂ, ಈಗ ಚಾ ಆತು” ಅನ್ನುತ್ತಿದ್ದಳು. ನಾಲ್ಕನೇ ಇಯತ್ತೆ ಕಲಿತ ಹೆಂಗಸಿಗೆ ಮಿಶ್ರಣದ ಪಾಠ ಯಾರೂ ಮಾಡಿರಲಿಲ್ಲ.

ಪ್ಯಾಕೆಟ್ ಚಹಾ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹಲವು ತೋಟಗಳ, ಹಲವು ಋತುಗಳ ಪುಡಿಯನ್ನು ಸೊರ್ ಅಂತ ಹೀರಿ, ಉಗುಳಿ, ಈ ವರ್ಷದ ರುಚಿ ಹೋದ ವರ್ಷದಂತೆಯೇ ಇರುವ ಹಾಗೆ ಕೂಡಿಸುವುದು ದೊಡ್ಡ ವಿದ್ಯೆ. ಆದರೆ ಕಾಫಿ ಪ್ಯಾಕೆಟ್ಟಿನ ಮೇಲೆ ಶೇಕಡಾ ಎಷ್ಟು ಕಾಫಿ, ಎಷ್ಟು ಚಿಕೋರಿ ಅಂತ ಅಚ್ಚು ಹಾಕಲೇಬೇಕು, ಚಿಕೋರಿ 49 ದಾಟುವಂತಿಲ್ಲ ಅಂತ ಕಾನೂನಿದೆ. ನಮ್ಮ ಮನೆಯ ಚಹಾ ಪ್ಯಾಕೆಟ್ಟನ್ನು ಕನ್ನಡಕ ಹಾಕಿಕೊಂಡು ಹಿಂದೆಮುಂದೆ ತಿರುಗಿಸಿದೆ. ಅಸ್ಸಾಂ ಎಷ್ಟು, ನೀಲಗಿರಿ ಎಷ್ಟು ಅನ್ನುವ ಸುದ್ದಿಯೇ ಇಲ್ಲ. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ಹಾಗಾಗಿ ನಾನೇ ಕಲೆಸಲು ಕೂತೆ. ಮೊದಲ ಪ್ರಯೋಗದ ಕತೆ ಹೇಳಿಬಿಡುತ್ತೇನೆ, ನೀವು ಆ ತಪ್ಪು ಮಾಡಬೇಡಿ. ತಮ್ಮ ತಂದುಕೊಟ್ಟ ದಾರ್ಜಿಲಿಂಗಿನ ಮೊದಲ ಕೊಯ್ಲಿನ ಎಲೆಯನ್ನು ಅಸ್ಸಾಂ ಪುಡಿಯ ಜೊತೆ ಸೇರಿಸಿ, ಹಾಲು ಸಕ್ಕರೆ ಹಾಕಿ ಕೊತಕೊತ ಕುದಿಸಿದೆ. ಮಾರ್ಚ್-ಏಪ್ರಿಲಿನ ಆ ಎಳೆ ಎಲೆಯ ಹೂವಿನಂಥ ಪರಿಮಳ ಅಸ್ಸಾಮಿನ ಅಬ್ಬರದಲ್ಲಿ ಎಲ್ಲಿ ಹೋಯಿತೋ! ದೇಶದಲ್ಲಿ ಮೊದಲು ಭೌಗೋಳಿಕ ಸೂಚಕದ ಮಾನ ಪಡೆದ ಸರಕನ್ನು ನಾನು ಕುದಿಸಿ ಕೊಂದಿದ್ದೆ.

ಅದಾದ ಮೇಲೆ ಬುದ್ಧಿ ಬಂತು. ಬೆಳಗಿನ ನನ್ನ ಚಹಾಕ್ಕೆ ಅಸ್ಸಾಂ ಸಿಟಿಸಿ ಮೂರು ಪಾಲು, ನೀಲಗಿರಿಯ ಎಲೆ ಒಂದು ಪಾಲು. ಸಿಟಿಸಿ ಅಂದರೆ ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡಿದ್ದು. ರಾಗಿ ಕಾಳಿನ ಹಾಗೆ ಕಾಣುತ್ತದೆ. 1930ರ ದಶಕದಲ್ಲಿ ಅಸ್ಸಾಂನ ತೋಟದಲ್ಲಿ ಹುಟ್ಟಿದ ಈ ಯಂತ್ರ ಇಲ್ಲದಿದ್ದರೆ ನಮ್ಮ ರಸ್ತೆಬದಿಯ ಬೈಟು ಟೀಯೂ ಈಗಿನ ಹಾಗೆ ಇರುತ್ತಿರಲಿಲ್ಲ. ಹಾಲಿಗೆ ಬಗ್ಗದ ಗಟ್ಟಿತನ, ಕೆಂಪು ಬಣ್ಣ ಅದರದು. ಪರಿಮಳ ನೀಲಗಿರಿಯದು. ಎರಡನ್ನೂ ಒಂದೇ ಡಬ್ಬಿಯಲ್ಲಿ ಕಲೆಸಿಟ್ಟರೆ ನಾಲ್ಕು ದಿನಕ್ಕೆ ಸಣ್ಣ ಕಾಳು ತಳಕ್ಕೆ ಇಳಿದು, ಎಲೆ ಮೇಲೆ ಉಳಿಯುತ್ತದೆ. ಸೋಮವಾರ ಸಪ್ಪೆ, ಶನಿವಾರ ಖಡಕ್! ಅದಕ್ಕೇ ಎರಡು ಡಬ್ಬಿ ಇಟ್ಟಿದ್ದೇನೆ. ಕಾಳನ್ನು ನೀರಲ್ಲಿ ಎರಡು ನಿಮಿಷ ಕುದಿಸಿ, ಹಾಲು ಹಾಕಿ, ಒಂದು ಉಕ್ಕು ಬಂದ ಮೇಲೆ ಒಲೆ ಆರಿಸಿ, ಆಗ ಎಲೆ ಉದುರಿಸಿ ತಟ್ಟೆ ಮುಚ್ಚುತ್ತೇನೆ. ಎರಡು ನಿಮಿಷ ಬಿಟ್ಟು ತಟ್ಟೆ ತೆಗೆದಾಗ ಏಳುವ ಆ ಹಬೆಗಾಗಿಯೇ ನಾನು ಐದೂವರೆಗೆ ಏಳುವುದು.

ಮಧ್ಯಾಹ್ನಕ್ಕೆ ಹಾಲಿಲ್ಲ. ದಾರ್ಜಿಲಿಂಗಿನ ಎರಡನೇ ಕೊಯ್ಲು, ಅಂದರೆ ಮೇ-ಜೂನ್ ತಿಂಗಳಿನದು, ಒಂದು ಪಾಲು. ನೀಲಗಿರಿಯ ಚಳಿಗಾಲದ ಎಲೆ ಎರಡು ಪಾಲು. ದಾರ್ಜಿಲಿಂಗನ್ನು ಯಾವುದರೊಂದಿಗೂ ಬೆರೆಸಬಾರದು ಅನ್ನುವ ಮಡಿವಂತರಿದ್ದಾರೆ. ಮಡಿ ಅವರಿಗಿರಲಿ, ನನ್ನ ಪಿಂಚಣಿಗೆ ಇದೇ ಸರಿ. ಕುದಿ ನಿಂತ ನೀರು ಸುರಿದು ಮೂರು ನಿಮಿಷ ಸಾಕು. ಬರಿಯ ನೀಲಗಿರಿಯಾದರೆ ಎರಡು ಹನಿ ನಿಂಬೆಹಣ್ಣು, ಒಂದು ಏಲಕ್ಕಿ: ಕರಾವಳಿಯ ಸುಲೈಮಾನಿಯ ತಂಗಿ. ನಿಂಬೆ ಬಿದ್ದೊಡನೆ ಕಂದು ಬಣ್ಣ ತಿಳಿಯಾಗಿ ಜೇನಿನ ಬಣ್ಣಕ್ಕೆ ಬರುವುದನ್ನು ನೋಡಲಿಕ್ಕೆ ನನ್ನ ಮೊಮ್ಮಗ ಓಡಿ ಬರುತ್ತಾನೆ. ಬರ್ಗಮಾಟ್ ಎಣ್ಣೆ ಪೂಸಿದ ಅರ್ಲ್ ಗ್ರೇಯನ್ನೂ ಒಮ್ಮೆ ತರಿಸಿದ್ದೆ. ಸ್ನಾನದ ಸೋಪು ನೆನಪಾಗಿ ಕೈಬಿಟ್ಟೆ.

ಮಳೆಗಾಲದ ಸಂಜೆಗೆ ಮಾತ್ರ ಡಸ್ಟ್ ಮತ್ತು ಹಸಿಶುಂಠಿ. ಶುಂಠಿಯನ್ನು ಜಜ್ಜಿ ಮೊದಲು ನೀರಲ್ಲೇ ಕುದಿಸಿ. ಹಸಿಯದನ್ನು ನೇರವಾಗಿ ಹಾಲಿಗೆ ಹಾಕಿದರೆ ಅದರಲ್ಲಿರುವ ಕಿಣ್ವ ಹಾಲನ್ನು ಒಡೆಸುತ್ತದೆ. ಹಾಲಿನವನದೇ ತಪ್ಪು ಅಂತ ವರ್ಷಗಟ್ಟಲೆ ಅವನ ಜೊತೆ ಜಗಳವಾಡಿದವಳು ನಾನು.

ಈ ನೀಲಗಿರಿಯೇನು ನಮಗೆ ದೂರವಲ್ಲ, ಮೈಸೂರಿನಿಂದ ಊಟಿಗೆ 125 ಕಿಲೋಮೀಟರ್ ಆಸುಪಾಸು. ನಮ್ಮದೇ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ಸಂಸೆಗಳಲ್ಲಿ ಚಹಾ ತೋಟಗಳಿವೆ. ಆದರೆ ನಮ್ಮ ಕಾಫಿಪುಡಿ ಅಂಗಡಿಯಲ್ಲಿ ಅವುಗಳ ಹೆಸರು ಬರೆದ ಒಂದು ಡಬ್ಬಿ ನಾನು ಕಂಡಿಲ್ಲ. ಅಲ್ಲಿ ತಕ್ಕಡಿ ಇದೆ, ಪೊಟ್ಟಣವಿದೆ, ಕಲೆಸುವ ಕೈಯಿದೆ, ಪಾಲು ಕೇಳಿ ಅಭ್ಯಾಸವಿದೆ. ಕಾಫಿಯ ಘಾಟು ಹತ್ತದ ಹಾಗೆ ಬಿಗಿ ಮುಚ್ಚಳದ ಮೂರು ಡಬ್ಬಿ ಇಟ್ಟರಾಯಿತು. ಹೋದ ತಿಂಗಳು ಮಾವನವರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿಯೇ ಬಿಟ್ಟೆ.

ಅಂಗಡಿಯವರು ಗ್ರೈಂಡರ್ ನಿಲ್ಲಿಸಿ ನಕ್ಕರು. “ಟೀ ಪುಡೀಲಿ ಪಾಲು ಯಾರು ಕೇಳ್ತಾರಮ್ಮ? ಖಾಯಂ ಹತ್ತು ಜನ ಗಿರಾಕಿ ತೋರಿಸಿ, ತರಿಸ್ತೀನಿ” ಅಂದರು. ಮಾವನವರು ಕೋಲೂರಿಕೊಂಡು ಮುಂದೆ ಬಂದು, “ಒಂಬತ್ತು ಅಂತ ಲೆಕ್ಕ ಹಾಕಿ. ಒಬ್ಬ ನಾನು” ಅಂದರು. ಅವರು ಚಹಾ ಕುಡಿದದ್ದನ್ನು ಈ 26 ವರ್ಷದಲ್ಲಿ ನಾನು ನೋಡಿಲ್ಲ.

ನನ್ನನ್ನೂ ಸೇರಿಸಿ ಈಗ ಐವರಾಗಿದ್ದೇವೆ.