ಮಾಟಗಾತಿಯ ಕಥೆಯನ್ನು ಓದಬಾರದೆ?

ಕಳೆದ ಸೆಮಿಸ್ಟರಿನಲ್ಲಿ ಒಂದು ಮಧ್ಯಾಹ್ನ, ಬಿಡುವಿನ ವೇಳೆ, ಕಾಲೇಜಿನ ಮರದ ನೆರಳಿನಲ್ಲಿ ಕುಳಿತು ಒಂದು ಇಂಗ್ಲಿಷ್ ಕಾದಂಬರಿಯನ್ನು ಓದುತ್ತಿದ್ದೆ. ಆ ದಾರಿಯಾಗಿ ಬಂದ ಅಧ್ಯಾಪಕರೊಬ್ಬರು ಪುಸ್ತಕವನ್ನು ಕೈಗೆ ತೆಗೆದುಕೊಂಡು, ಹಿಂದುಮುಂದು ತಿರುಗಿಸಿ ನೋಡಿ, “ಬಿ.ಎ. ಕೊನೆಯ ವರ್ಷಕ್ಕೆ ಬಂದರೂ ಮಾಟಗಾತಿಯ ಕಥೆಯೇನಮ್ಮ?” ಎಂದು ನಕ್ಕು ಹಿಂದಿರುಗಿಸಿದರು. ಆ ನಗುವಿನಲ್ಲಿ ಕುಹಕವಿರಲಿಲ್ಲ. ಆದರೆ ನಾನು ಏಕೋ ನಾಚಿ ಪುಸ್ತಕವನ್ನು ಚೀಲದೊಳಗೆ ಇಟ್ಟುಬಿಟ್ಟೆ. ಸಂಜೆ ಬಸ್ಸು ಸತ್ಯಮಂಗಲವನ್ನು ಮುಟ್ಟುವ ಹೊತ್ತಿಗೆ ಹೇಳಬೇಕಾಗಿದ್ದ ಉತ್ತರಗಳೆಲ್ಲ ಒಂದೊಂದಾಗಿ ಹೊಳೆದವು. ಸಂಪಾದಕರು ಲೇಖನ ಕೇಳಿದ್ದಾರೆ. ಅವನ್ನು ಇಲ್ಲಿ ಬರೆದುಬಿಡುತ್ತೇನೆ.

ಪುಸ್ತಕದ ಹೆಸರು ‘ದಿ ವೆರಿ ಸೀಕ್ರೆಟ್ ಸೊಸೈಟಿ ಆಫ್ ಇರ್‌ರೆಗ್ಯುಲರ್ ವಿಚಸ್’. 2022ರಲ್ಲಿ ಪ್ರಕಟವಾಯಿತು. ಬರೆದವರು ಸಂಗು ಮಂದಣ್ಣ. ಹೆಸರು ಕೇಳಿದೊಡನೆ ಕೊಡಗು ನೆನಪಾಯಿತಲ್ಲವೆ? ನನಗೂ ಹಾಗೆಯೇ ಆಯಿತು. ಪುಸ್ತಕ ಕೊಂಡದ್ದೂ ಅದಕ್ಕೇ. ಬೆಂಗಳೂರಿನಲ್ಲಿ ಬೆಳೆದ ಈ ಲೇಖಕಿ ಈಗ ಇಂಗ್ಲೆಂಡಿನ ಪೂರ್ವಭಾಗದ ನಾರ್ವಿಚ್ ನಗರದಲ್ಲಿದ್ದಾರೆ. ಕಥಾನಾಯಕಿ ಮೀಕಾ ಮೂನ್ ನಮ್ಮ ದೇಶದಲ್ಲಿ ಹುಟ್ಟಿದವಳು. ಹಿಂದೆಂದೋ ತಪ್ಪಿಹೋದ ಒಂದು ಮಂತ್ರದ ಫಲವಾಗಿ ಮಾಟಗಾತಿಯರೆಲ್ಲ ಎಳವೆಯಲ್ಲಿಯೇ ತಬ್ಬಲಿಗಳಾಗುತ್ತಾರೆ. ಇವಳೂ ಹಾಗೆ ತಬ್ಬಲಿಯಾಗಿ, ಇನ್ನೊಬ್ಬ ಮಾಟಗಾತಿಯ ಕೈಗೆ ಸಿಕ್ಕಿ, ಇಂಗ್ಲೆಂಡಿಗೆ ಹೋಗಿ ಬೆಳೆಯುತ್ತಾಳೆ. ಅವರಲ್ಲಿ ಒಂದು ಕಟ್ಟಳೆ: ಮಾಟಗಾತಿಯರು ಒಟ್ಟಿಗೆ ಬಾಳಕೂಡದು, ತಮ್ಮ ಗುಟ್ಟನ್ನು ಯಾರಿಗೂ ಹೇಳಕೂಡದು. ಮೂರು ತಿಂಗಳಿಗೊಮ್ಮೆ ಒಂದು ಗುರುವಾರ ಸೇರಿ, ನಾಲ್ಕು ಮಾತನಾಡಿ, ಚದುರಿಹೋಗಬೇಕು. ಹೀಗೆ ಮೂವತ್ತು ವರ್ಷ ದಾಟುವವರೆಗೆ ಒಂಟಿಯಾಗಿದ್ದವಳಿಗೆ, ಸಮುದ್ರತೀರದ ಒಂದು ದೊಡ್ಡ ಮನೆಯಿಂದ ಕರೆ ಬರುತ್ತದೆ. ಅಲ್ಲಿ ಮೂವರು ಪುಟ್ಟ ಮಾಟಗಾತಿಯರಿದ್ದಾರೆ; ಅವರಿಗೆ ಪಾಠ ಹೇಳಬೇಕು. ಆ ಮನೆಯಲ್ಲಿ ಪುಸ್ತಕ ಭಂಡಾರವನ್ನು ನೋಡಿಕೊಳ್ಳುವ ಸಿಡುಕ ಯುವಕನೊಬ್ಬನಿದ್ದಾನೆ. ಮುಂದಿನದನ್ನು ಹೇಳಬೇಕಾಗಿಲ್ಲ.

ನಾನು ಇದನ್ನು ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದೆ. ಎರಡನೆಯ ರಾತ್ರಿ ಕರೆಂಟು ಹೋದಾಗ ಮೊಬೈಲಿನ ಬೆಳಕಿನಲ್ಲಿ ಓದಿದೆ. ಪರೀಕ್ಷೆಗೆ ಓದುತ್ತಿದ್ದೇನೆಂದು ಅಮ್ಮ ಹಾಲು ಕಾಯಿಸಿ ತಂದುಕೊಟ್ಟರು. ಆ ಹಾಲು ಗಂಟಲಿನಲ್ಲಿ ಸ್ವಲ್ಪ ಅಡ್ಡವಾಗಿ ಇಳಿಯಿತು.

ಪುಸ್ತಕದಲ್ಲಿ ಕುಂದುಗಳಿಲ್ಲವೆಂದು ನಾನು ಹೇಳುವುದಿಲ್ಲ. ಬಹಳ ಸಿಹಿ. ಎಲ್ಲರೂ ಒಂದೇ ಬಗೆಯ ಚಟಾಕಿ ಹಾರಿಸುತ್ತಾರೆ. ಒಂದೆರಡು ಪುಟಗಳು ಹಿರಿಯರ ಎದುರಿಗೆ ಗಟ್ಟಿಯಾಗಿ ಓದತಕ್ಕವಲ್ಲ. ನಾಯಕಿ ಹುಟ್ಟಿದ ನಾಡು ನೆನಪಿನಲ್ಲಿ ಬಂದು ಹೋಗುವುದೇ ಹೊರತು ಕಥೆಯೊಳಗೆ ಕಾಲೂರುವುದಿಲ್ಲ. ಮಕ್ಕಳಿಗಾಗಿ ಇದೇ ಲೇಖಕಿ 2021ರಲ್ಲಿ ಬರೆದ ಕಿಕಿ ಕಲ್ಲೀರಾಳ ಕಥೆಯಲ್ಲಿ ಮೈಸೂರೂ ಮಹಿಷಾಸುರನೂ ಬರುತ್ತಾರೆ. ದೊಡ್ಡವರಿಗೂ ಅಷ್ಟು ಉದಾರವಾಗಿ ಬಡಿಸಬಹುದಾಗಿತ್ತು.

ಆದರೂ ಈ ಕಥೆ ನನ್ನನ್ನು ಹಿಡಿಯಿತು. ಏಕೆಂದು ಹೇಳಬೇಕಾದರೆ ನಮ್ಮ ಬೀದಿಗೆ ಬರಬೇಕು.

ಮೀಕಾ ಬೇರು, ಎಲೆ, ಹೂವುಗಳನ್ನು ಕುದಿಸಿ ಬಗೆಬಗೆಯ ಚಹ ಮಾಡುತ್ತಾಳೆ. ಅದನ್ನು ಓದುವಾಗಲೆಲ್ಲ ನನಗೆ ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ ನೆನಪಾಗುತ್ತಿದ್ದರು. ಅವರಿಗೆ ಗಂಡನಿಲ್ಲ, ಮಕ್ಕಳಿಲ್ಲ. ಹಿತ್ತಲಿನಲ್ಲಿ ಒಂದೆಲಗ, ದೊಡ್ಡಪತ್ರೆ, ತುಂಬೆ ಬೆಳೆಸಿಕೊಂಡಿದ್ದಾರೆ. ನಾನು ಚಿಕ್ಕವಳಾಗಿದ್ದಾಗಿನಿಂದ ಮನೆಯಲ್ಲಿ ಒಂದೇ ಎಚ್ಚರಿಕೆ: “ಅವರ ಮನೇಲಿ ಏನೂ ಬಾಯಿಗೆ ಹಾಕ್ಕೋಬೇಡ. ಮದ್ದು ಹಾಕ್ತಾರಂತೆ.” ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊಟದಲ್ಲಿ ಮದ್ದು ಬೆರೆಸುತ್ತಾರಂತೆ. ತಿಂದವರು ಹೊಟ್ಟೆನೋವು ಬಂದು ಸೊರಗುತ್ತಾರಂತೆ. ಅದನ್ನು ಕಕ್ಕಿಸಿ ತೆಗೆಯುವವರು ಬೇರೆ ಇದ್ದಾರೆ. ಹಾಕುವವರನ್ನು ಕಂಡವರಿಲ್ಲ, ತೆಗೆಸಿಕೊಂಡವರು ಎಲ್ಲ ಊರಿನಲ್ಲಿಯೂ ಸಿಗುತ್ತಾರೆ! ಕನ್ನಡದಲ್ಲಿ ಮದ್ದು ಎಂದರೆ ಔಷಧಿ. ಅದೇ ಮಾತು ಒಂಟಿ ಹೆಂಗಸಿನ ಕೈಗೆ ಬಂದೊಡನೆ ವಿಷವಾಗುವುದು ಹೇಗೆ? ಇದನ್ನು ನಾನು ಇಷ್ಟು ವರ್ಷ ಕೇಳಿಕೊಂಡಿರಲೇ ಇಲ್ಲ. ಮೊಬೈಲಿನ ಬೆಳಕಿನಲ್ಲಿ, ಮೀಕಾ ತಾನೇಕೆ ಯಾರ ಮನೆಯಲ್ಲಿಯೂ ನಿಲ್ಲಲಾರೆನೆಂದು ಕೊರಗುವ ಪುಟದಲ್ಲಿ, ಕೇಳಿಕೊಂಡೆ.

ಈಗ ಅಧ್ಯಾಪಕರಿಗೆ ನನ್ನ ಉತ್ತರ. ತರಗತಿಯಲ್ಲಿ ನಾವು ಗಿರೀಶ ಕಾರ್ನಾಡರ ‘ನಾಗಮಂಡಲ’ದ ವಿಷಯವನ್ನು ಗೌರವದಿಂದ ಮಾತನಾಡುತ್ತೇವೆ. 1988ರ ಆ ನಾಟಕದಲ್ಲಿರುವುದು ಏನು? ಗಂಡ ಒಲಿಯಲೆಂದು ಕುರುಡವ್ವ ರಾಣಿಗೆ ಬೇರನ್ನು ಕೊಡುತ್ತಾಳೆ. ರಾಣಿ ಅದನ್ನು ಸಾರಿಗೆ ಹಾಕಿ, ಸಾರು ಕೆಂಪಗಾದದ್ದನ್ನು ಕಂಡು ಹೆದರಿ, ಹುತ್ತಕ್ಕೆ ಸುರಿಯುತ್ತಾಳೆ. ನಾಗರಹಾವು ಅವಳಿಗೆ ಮರುಳಾಗಿ ಗಂಡನ ರೂಪದಲ್ಲಿ ರಾತ್ರಿ ಬರುತ್ತದೆ. ಇದು ಮದ್ದಿನ ಕಥೆಯೇ, ಪ್ರೇಮದ ಕಥೆಯೂ ಹೌದು. ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಹೂವಿನ ಮರವಾಗುವ ಹುಡುಗಿಯ ಕಥೆ ಅಲ್ಲದೆ ಮತ್ತೇನು? ನಮ್ಮ ಅಜ್ಜಿಯರು ಹೇಳಿದರೆ ಜಾನಪದ, ಕಾರ್ನಾಡರು ಬರೆದರೆ ಪಠ್ಯ; ನಾರ್ವಿಚ್ಚಿನಲ್ಲಿ ಕುಳಿತ ಹೆಂಗಸೊಬ್ಬಳು ನಗುನಗುತ್ತ ಬರೆದರೆ ಮಾತ್ರ ಹೊತ್ತು ಕಳೆಯುವ ಪುಸ್ತಕವೆ? ನಾಟಕದ ಎತ್ತರ ಕಾದಂಬರಿಗಿದೆಯೆಂದು ನಾನು ವಾದಿಸುತ್ತಿಲ್ಲ. ಓದಿ ಸಂತೋಷಪಟ್ಟೆನೆಂದು ಹೇಳಲು ಎತ್ತರವನ್ನು ಅಳೆಯಬೇಕಾಗಿಲ್ಲವೆಂದಷ್ಟೇ ನನ್ನ ವಾದ.

ಇಂಥ ಪುಸ್ತಕಗಳು ಮೂಢನಂಬಿಕೆಯನ್ನು ಬೆಳೆಸುತ್ತವೆಂದು ಗೆಳತಿಯೊಬ್ಬಳು ಆಕ್ಷೇಪಿಸಿದಳು. ಅವಳ ಮಾತನ್ನು ತಳ್ಳಿಹಾಕುವಂತಿಲ್ಲ. ವಾಮಾಚಾರವನ್ನು ತಡೆಯಲು ನಮ್ಮ ರಾಜ್ಯದಲ್ಲಿ 2017ರ ಕಾನೂನು ಬೇಕಾಯಿತು. ಅದು ಜಾರಿಗೆ ಬಂದದ್ದು 2020ರಲ್ಲಿ. ಯಂಡಮೂರಿಯವರ ‘ತುಳಸಿದಳ’ವನ್ನು ಕನ್ನಡದಲ್ಲಿ ಓದಿದ ಮೇಲೆ ವಾರಗಟ್ಟಲೆ ಹಿತ್ತಲಿಗೆ ಹೋಗಲು ಹೆದರುತ್ತಿದ್ದೆನೆಂದು ನನ್ನ ಅಮ್ಮನೇ ಹೇಳುತ್ತಾರೆ. ಆದರೆ ನಂಬಿಕೆಯನ್ನು ಸಾಕುವುದು ಆ ಹೆದರಿಕೆ. ಮೀಕಾಳ ಕಥೆಯಲ್ಲಿ ಹೆದರಿಕೆಯೇ ಇಲ್ಲ. ಅವಳ ದೊಡ್ಡ ಮನೆ ಇರುವುದು ನಾರ್ಫೋಕ್ ಸೀಮೆಯಲ್ಲಿ. ಅದೇ ಪ್ರಾಂತದಲ್ಲಿ 1645ರ ಸುಮಾರಿಗೆ ಮ್ಯಾಥ್ಯೂ ಹಾಪ್ಕಿನ್ಸ್ ಎಂಬವನು ಊರೂರು ಸುತ್ತಿ ಮಾಟಗಾತಿಯರನ್ನು ಹುಡುಕಿಕೊಡುವುದನ್ನೇ ಕಸುಬು ಮಾಡಿಕೊಂಡಿದ್ದನು. ಅವನು ತೋರಿಸಿದ ಬಡ ಹೆಂಗಸರು ಎಷ್ಟೋ ಮಂದಿ ನೇಣಿಗೇರಿದರು. ಮಾಟವೆಂಬ ಅಪರಾಧವನ್ನು ಅಲ್ಲಿಯ ಕಾನೂನು ಕೈಬಿಟ್ಟದ್ದು 1735ರಲ್ಲಿ. ಆಮೇಲೆ ಮುನ್ನೂರು ವರ್ಷಕ್ಕೆ ಸಮೀಪಿಸುವ ಹೊತ್ತಿಗೆ ಅದೇ ನೆಲದಲ್ಲಿ ಮಾಟಗಾತಿ ಒಬ್ಬಳು ಚಹ ಕುದಿಸಿ, ಮಕ್ಕಳ ಜಡೆ ಹೆಣೆದು, ಪ್ರೀತಿಸುವಷ್ಟು ಸಾಧುವಾಗಿದ್ದಾಳೆ. ನಮ್ಮಲ್ಲಿ ಆ ಮಾತು ಇನ್ನೂ ಬೈಗುಳ.

ಪುಸ್ತಕ ಮುಗಿಸಿದ ವಾರ, ವಿದ್ಯುತ್ ಬಿಲ್ಲು ಓದಿ ಹೇಳಲು ಅಜ್ಜಿ ಕರೆದಾಗ ಹೋಗಿದ್ದೆ. ಯಾವಾಗಲೂ ಬಾಗಿಲಲ್ಲೇ ನಿಂತು ಹೇಳಿ ಬರುತ್ತಿದ್ದವಳು ಅಂದು ಒಳಗೆ ಹೋಗಿ ಕುಳಿತೆ. “ಕಾಫಿ ಕುಡೀತೀಯೇನವ್ವ?” ಎಂದು ಕೇಳಿದರು, ಬೇಡವೆನ್ನುತ್ತೇನೆಂದು ಅವರಿಗೆ ಗೊತ್ತಿತ್ತು, ಒಲೆಯ ಕಡೆಗೆ ತಿರುಗಿಯೂ ಇರಲಿಲ್ಲ. ಕೊಡಿ ಅಜ್ಜಿ ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಸೆರಗಿನಿಂದ ಲೋಟ ಒರೆಸಿದರು. ಮೊದಲ ಗುಟುಕಿಗೆ ನನ್ನ ಎದೆ ಹೊಡೆದುಕೊಂಡದ್ದು ನಿಜ. ಓದಿದ್ದು ಎರಡೇ ರಾತ್ರಿ, ಕೇಳಿದ್ದು ಇಪ್ಪತ್ತು ವರ್ಷ.

ಪುಸ್ತಕ ನನ್ನಲ್ಲಿದೆ. ಬೇಕಾದವರು ಕೇಳಿ ಪಡೆಯಬಹುದು. ಆ ಅಧ್ಯಾಪಕರಿಗೆ ಮೊದಲ ಹಕ್ಕು. ಕಾಫಿಯ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲ. ಈ ಸಂಚಿಕೆ ಮನೆಗೆ ಬಂದ ದಿನ ತಿಳಿಯುತ್ತದೆ.