ಮಾಥೆರಾನಿನ ಊಟ ಮತ್ತು ನಾವು



ವರ್ಷವಿಡೀ ಪರರಿಗೆ ಬಡಿಸುವವನಿಗೆ ಒಂದು ದಿನವಾದರೂ ತಾನು ಕುಳಿತು ಬಡಿಸಿಕೊಂಡು ಉಣ್ಣಬೇಕೆಂಬ ಆಸೆ ಇರುವುದು ಸಹಜ. ಅದನ್ನು ಯಾರೂ ಹೀಗಳೆಯಬಾರದು. ಬೆಳಗಿನ ನಾಲ್ಕೂವರೆಗೆ ಒಲೆ ಹೊತ್ತಿಸಿ ರಾತ್ರಿ ಹನ್ನೊಂದಕ್ಕೆ ಬಾಗಿಲೆಳೆಯುವ ನಮ್ಮ ಹೋಟೆಲು ಬಂಧುಗಳಿಗೂ, ಗಿರಣಿಯ ಭೋಂಗದ ಕೂಗಿಗೆ ಏಳುತ್ತ ಮಲಗುತ್ತ ಆಯುಷ್ಯ ಸವೆಸಿದ ನಮ್ಮ ಹಿರಿಯರಿಗೂ ಗುಡ್ಡದ ತಂಪುಗಾಳಿ ಕುಡಿಯುವ ಹಕ್ಕು ಇದ್ದೇ ಇದೆ.

ಆ ಹಕ್ಕನ್ನು ಚಲಾಯಿಸಲೆಂದೇ ಕಳೆದ ಚಳಿಗಾಲದಲ್ಲಿ ನಾವು ಇಪ್ಪತ್ತೆರಡು ಮಂದಿ ಒಟ್ಟುಗೂಡಿ ಮಾಥೆರಾನಿಗೆ ಹೋಗಿದ್ದೆವು. ಕರ್ಜತ್ ಲೋಕಲಿನಲ್ಲಿ ನೇರಳ್, ನೇರಳಿನಿಂದ ಜೀಪಿನಲ್ಲಿ ದಸ್ತೂರಿ ನಾಕಾ, ಅಲ್ಲಿಂದ ಮುಂದೆ ಕೆಂಪು ಮಣ್ಣಿನ ದಾರಿಯಲ್ಲಿ ಕಾಲ್ನಡಿಗೆ. ಪೇಟೆ ತಲಪುವಾಗ ಮಧ್ಯಾಹ್ನ ಒಂದೂವರೆ. ದೊಡ್ಡ ಲಾಜುಗಳ ಊಟ ನಮ್ಮ ಕಿಸೆಗೆ ಹೊಂದುವುದಲ್ಲ. ಊರವರೇ ನಡೆಸುವ ಒಂದು ಚಿಕ್ಕ ಖಾನಾವಳಿಗೆ ನುಗ್ಗಿದೆವು. ಒಳಗೆ ಒಲೆಯ ಮುಂದೆ ಒಬ್ಬ ಹೆಂಗಸು, ಹೊರಗೆ ಬಡಿಸಲು ಇಬ್ಬರು ಹುಡುಗರು. ಮುಂಚಿತವಾಗಿ ಹೇಳಿ ಕಳಿಸದೆ ಒಮ್ಮೆಲೇ ಇಪ್ಪತ್ತೆರಡು ಜನ ಬಂದು ಕುಳಿತರೆ ಅಡಿಗೆಮನೆಯ ಗತಿ ಏನಾಗುತ್ತದೆ ಎಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಭಾಕರಿ ಒಂದೊಂದಾಗಿ ತಟ್ಟಿ ಬೇಯಬೇಕು. ಮುಕ್ಕಾಲು ಗಂಟೆ ಹಿಡಿಯಿತು.

ಆಗ ನಮ್ಮವರೇ ಒಬ್ಬರು, ಹದಿನೆಂಟು ವರ್ಷ ಟೇಬಲು ಒರೆಸಿ ಮೇಲೆ ಬಂದವರು, ಅಂಗೈಯಿಂದ ಮೇಜು ಬಡಿದು ಆ ಹುಡುಗನನ್ನು ಕೂಗಿದರು: “ಏ, ಕಿವಿ ಕೇಳುವುದಿಲ್ಲವೇ ನಿನಗೆ? ನಾವೇನು ಧರ್ಮಕ್ಕೆ ಉಣ್ಣಲು ಬಂದಿದ್ದೇವೆಯೇ?” ಬಿಲ್ಲು ಬಂದಾಗ ಇನ್ನೊಂದು ಸುತ್ತು: ಕೆಳಗಿನ ಊಟಕ್ಕಿಂತ ಇಷ್ಟು ಹೆಚ್ಚೇ, ಇದು ಹಗಲುದರೋಡೆ ಎಂದು. ಹುಡುಗ ಒಂದು ಮಾತೂ ಆಡದೆ ಲೋಟಗಳಿಗೆ ನೀರು ತುಂಬಿಸಿ ಹೋದ. ಆ ಮೌನ ನಮಗೆ ಹೊಸದೇ? ಅದು ನಮ್ಮದೇ ಮೌನವಲ್ಲವೆ?

ಸಂಪಾದಕೀಯದಲ್ಲಿ ‘ನಾನು’ ಎಂದು ಬರೆಯುವ ರೂಢಿಯಿಲ್ಲ. ಈ ಸಲ ಬರೆಯಲೇಬೇಕಾಗಿದೆ. ಆ ಹೊತ್ತಿನಲ್ಲಿ ನಾನೂ ಬಾಯಿ ಬಿಡಲಿಲ್ಲ. ಹಿರಿಯರು, ಪ್ರವಾಸದ ದಿನ, ಮನಸ್ತಾಪ ಬೇಡ ಎಂದು ಸುಮ್ಮನಾದೆ. 2004ರಲ್ಲಿ ಕುಂದಾಪುರದ ಕಡೆಯಿಂದ ಏಳನೆಯ ತರಗತಿ ಮುಗಿಸಿ ಮುಂಬಯಿಗೆ ಬಂದಾಗ ನನಗೆ ಹದಿಮೂರು ವರ್ಷ. ಕೆಲಸಕ್ಕಿದ್ದ ಹೋಟೆಲಿನಲ್ಲಿ ಒಂದು ಸಂಜೆ, ಚಹಾ ಆರಿದೆ ಎಂದು ಗಿರಾಕಿಯೊಬ್ಬ ಅದನ್ನು ನನ್ನ ಮೈಮೇಲೆ ಎರಚಿದ. ಒಡೆದ ಕಪ್ಪು-ಬಸಿಯ ದುಡ್ಡನ್ನು ಸೇಟು ನನ್ನ ಸಂಬಳದಲ್ಲಿ ಮುರಿದುಕೊಂಡರು. ಎರಚಿದವನ ಮುಖ ಮರೆತುಹೋಗಿದೆ. ಆದರೆ ಪಕ್ಕದ ಮೇಜಿನಲ್ಲಿ ತಲೆ ಎತ್ತದೆ ತಿಂಡಿ ತಿನ್ನುತ್ತಿದ್ದ ನಾಲ್ವರ ಮುಖ ಮರೆತಿಲ್ಲ. ಮಾಥೆರಾನಿನಲ್ಲಿ ನಾನು ಅವರ ಸಾಲಿನಲ್ಲಿ ಐದನೆಯವನಾಗಿ ಕುಳಿತೆ. ಈ ಬರಹ ಆ ತಪ್ಪಿನ ಒಪ್ಪಿಗೆಯೂ ಹೌದು.

ಮೊದಲು ಬೆಲೆಯ ಮಾತು. ಮಾಥೆರಾನಿನಲ್ಲಿ ಊಟ ಕೆಳಗಿನದಕ್ಕಿಂತ ತುಟ್ಟಿ ಏಕೆ? ಆ ಊರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮೋಟಾರಿಗೆ ಪ್ರವೇಶವಿಲ್ಲ. 2003ರಲ್ಲಿ ಕೇಂದ್ರ ಸರಕಾರ ಅದನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಸಾರಿತು. ಕಾಡು ಉಳಿಯಬೇಕು, ಹೊಗೆ ಬರಬಾರದು ಎಂಬುದು ಒಳ್ಳೆಯ ಮಾತೇ. ಆದರೆ ದಸ್ತೂರಿ ನಾಕೆಯಲ್ಲಿ ಟೆಂಪೊ ನಿಂತ ಮೇಲೆ ಅಕ್ಕಿ, ಬೇಳೆ, ಬಟಾಟೆ, ಎಣ್ಣೆ ಡಬ್ಬ, ಗ್ಯಾಸಿನ ಸಿಲಿಂಡರು ತಾವಾಗಿಯೇ ನಡೆದು ಬರುತ್ತವೆಯೇ? ಕುದುರೆಯ ಬೆನ್ನ ಮೇಲೆ ಬರುತ್ತವೆ, ಕೈಗಾಡಿಯಲ್ಲಿ ಬರುತ್ತವೆ, ಹಮಾಲರ ತಲೆಯ ಮೇಲೆ ಬರುತ್ತವೆ. ಆ ಹಮಾಲರಲ್ಲಿ ಹೆಂಗಸರೂ ಇದ್ದಾರೆ. ನಾವು ಉಂಡ ಪ್ರತಿಯೊಂದು ತುತ್ತೂ ಯಾರದೋ ಕುತ್ತಿಗೆಯ ಮೇಲೆ ಕುಳಿತು ಗುಡ್ಡ ಹತ್ತಿದ್ದು.

ಗುಡ್ಡಕ್ಕೆ ಪುಟ್ಟ ರೈಲಿದೆಯಲ್ಲ ಎನ್ನಬಹುದು. ಇದೆ. ಆದಂಜಿ ಪೀರಭಾಯಿ ಮನೆತನದ ಹಣದಿಂದ ಕಟ್ಟಿಸಿದ ಆ 21 ಕಿಲೋಮೀಟರಿನ ರೈಲು 1907ರಲ್ಲಿ ಓಡತೊಡಗಿತು. ಆದರೆ ಮಳೆಗಾಲದಲ್ಲಿ ನೇರಳಿನಿಂದ ಮೇಲೆ ಗಾಡಿ ನಿಲ್ಲುತ್ತದೆ. 2005ರ ಜುಲೈ ಮಳೆಗೆ ಹಳಿಯೇ ಕೊಚ್ಚಿಹೋಗಿ, ಮತ್ತೆ ಓಡಿದ್ದು 2007ರಲ್ಲಿ. ಅಷ್ಟು ಕಾಲವೂ ಗುಡ್ಡದ ಮೇಲಿನವರು ಉಪವಾಸವಿರಲಿಲ್ಲ, ಹೊರುವವರು ಹೊತ್ತರು.

ಪ್ರವಾಸಿಗಳನ್ನು ಎಳೆಯುವ ಕೈರಿಕ್ಷಾದ ಕಥೆಯೂ ಇದೇ. ಮಲೆಟ್ ಎಂಬ ಠಾಣೆಯ ಬ್ರಿಟಿಷ್ ಕಲೆಕ್ಟರ್ 1850ರಲ್ಲಿ ಈ ಗುಡ್ಡ ಹತ್ತಿದ ಮೇಲೆ ಅದು ಸಾಹೇಬರ ತಂಪು ಠಾವಾಯಿತು. ಸಾಹೇಬರು ಹೋದರೂ ಮನುಷ್ಯ ಮನುಷ್ಯನನ್ನು ಎಳೆಯುವ ಗಾಡಿ ಉಳಿಯಿತು. 2025ರ ಆಗಸ್ಟಿನಲ್ಲಿ ಸುಪ್ರೀಮ್ ಕೋರ್ಟು ಇದು ಮಾನವೀಯತೆಗೆ ಒಪ್ಪದ ಪದ್ಧತಿ ಎಂದು ಹೇಳಿ, ಆರು ತಿಂಗಳೊಳಗೆ ನಿಲ್ಲಿಸಬೇಕೆಂದೂ, ಎಳೆಯುತ್ತಿದ್ದವರಿಗೇ ವಿದ್ಯುತ್ ರಿಕ್ಷಾ ಸಿಗುವಂತೆ ಯೋಜನೆ ಮಾಡಬೇಕೆಂದೂ ಆಜ್ಞಾಪಿಸಿತು. ಈ ಎರಡನೆಯ ಮಾತೇ ಮುಖ್ಯ. ಕೆಲಸದ ಕಷ್ಟ ತಪ್ಪಿಸುವ ಹೆಸರಿನಲ್ಲಿ ಕೆಲಸವನ್ನೇ ತಪ್ಪಿಸಿದರೆ ಅದು ಉಪಕಾರವಲ್ಲ ಎಂಬುದು ಗಿರಣಿಗಳು ಮುಚ್ಚಿದಾಗ ಬೀದಿಗೆ ಬಿದ್ದ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ನಾವು ಕೊಟ್ಟ ಹೆಚ್ಚಿನ ದುಡ್ಡು ಯಾರಿಗೆ ಸಂದಿತು? ಒಂದಿಷ್ಟು ಹೊರೆಗೆ, ಒಂದಿಷ್ಟು ಗಲ್ಲೆಗೆ. ಬಡಿಸಿದ ಹುಡುಗನಿಗೆ? ಊಟವಾದ ಮೇಲೆ ಕೈ ತೊಳೆಯಲು ಹಿಂದಿನ ಮೋರಿಗೆ ಹೋದಾಗ ಅವನು ತಟ್ಟೆ ಉಜ್ಜುತ್ತಿದ್ದ. ಮಾತಾಡಿಸಿದೆ. ಕರ್ಜತ್ ಕಡೆಯ ಹಳ್ಳಿಯವನು, ಇಪ್ಪತ್ತು ವರ್ಷ. ಸೀಜನ್ ಇದ್ದಾಗ ಕೆಲಸ, ಮಳೆ ಹಿಡಿದರೆ ಮನೆ. ಹಿಂದಿನ ವರ್ಷ ಬೇರೊಂದು ಕಡೆ ದುಡಿದಿದ್ದನಂತೆ. ಜೂನಿನಲ್ಲಿ ಅಂಗಡಿ ಮುಚ್ಚುವಾಗ ಒಂದೂವರೆ ತಿಂಗಳ ಸಂಬಳ ಬಾಕಿ. “ದೀಪಾವಳಿ ಕಳೆದು ಕೆಲಸಕ್ಕೆ ಬಾ, ಆಗ ಕೊಡುತ್ತೇನೆ” ಎಂದರಂತೆ. ಬಾಕಿ ಹಿಡಿದುಕೊಂಡರೆ ಆಳು ಬೇರೆ ಕಡೆ ಹೋಗಲಾರ ಎಂಬ ಲೆಕ್ಕ ಅದು. ಇವನು ಹೋದ, ಬಾಕಿ ಮುಳುಗಿತು.

ಈ ಲೆಕ್ಕ ಗುಡ್ಡದ ಮೇಲೆ ಮಾತ್ರ ನಡೆಯುವುದಲ್ಲ. ಊರಿಗೆ ಹೋಗುವಾಗ ಪೂರ್ತಿ ಸಂಬಳ ಕೊಡದೆ ಕಟ್ಟಿಹಾಕುವ ಸೇಟುಗಳನ್ನು ನಮ್ಮ ವಾಚಕರೂ ಕಂಡಿದ್ದಾರೆ. ಆದುದರಿಂದ ಇದನ್ನು ಎಲ್ಲರೂ ಬರೆದಿಟ್ಟುಕೊಳ್ಳಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ವಿಷಯದಲ್ಲಿ ಕಾರ್ಮಿಕ ಸಂಘಗಳಿಗೆ ಎಷ್ಟೋ ತಕರಾರುಗಳಿವೆ, ಅವು ಸಣ್ಣವಲ್ಲ. ಆದರೂ ಅದರಲ್ಲಿ ಕೈಗೆ ಸಿಕ್ಕುವ ಆಯುಧವನ್ನು ಬಿಡಬಾರದು. ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು. ಕೆಲಸದಿಂದ ತೆಗೆದರೂ, ತಾನಾಗಿ ಬಿಟ್ಟರೂ, ಅಂಗಡಿ ಮುಚ್ಚಿ ಕೆಲಸ ಹೋದರೂ, ಬರಬೇಕಾದ ಸಂಬಳ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ಎರಡು ದಿನ, ದೀಪಾವಳಿಯ ತನಕ ಅಲ್ಲ. ಕೆಲಸಕ್ಕೆ ಸೇರಿಸಿಕೊಂಡ ಕಾಗದ, ಎಂದರೆ ನೇಮಕಾತಿ ಪತ್ರ, ಕೊಡಬೇಕೆಂದೂ ಹೊಸ ಸಂಹಿತೆ ಹೇಳುತ್ತದೆ. ಕಾಗದವಿಲ್ಲದವನ ಬಾಕಿಗೆ ಸಾಕ್ಷಿಯಿಲ್ಲ. ಆದುದರಿಂದ ಕಾಗದ ಕೇಳಿ. ಕೊಡದಿದ್ದರೆ ಕೆಲಸ ಮಾಡಿದ ದಿನಗಳನ್ನು ನೀವೇ ಒಂದು ವಹಿಯಲ್ಲಿ ತಾರೀಖು ಸಹಿತ ಬರೆದಿಡಿ.

ಇನ್ನು ಗಿರಾಕಿಯಾಗಿ ಕುಳಿತಾಗ ನಮ್ಮ ನಡತೆ ಹೇಗಿರಬೇಕು? ಕೆಟ್ಟ ಅನ್ನವನ್ನು ನುಂಗಿ, ತಪ್ಪು ಬಿಲ್ಲನ್ನು ತೆತ್ತು, ಬಾಯಿ ಮುಚ್ಚಿ ಬನ್ನಿರೆಂದು ನಾವು ಹೇಳುತ್ತಿಲ್ಲ. ದುಡ್ಡು ಕೊಟ್ಟವನಿಗೆ ಚೊಕ್ಕ ತಟ್ಟೆ, ಬಿಸಿ ಅನ್ನ, ಸರಿಯಾದ ಲೆಕ್ಕ ಕೇಳುವ ಅಧಿಕಾರವಿದೆ. ಆದರೆ ದರ ಬರೆದವನು ಗಲ್ಲೆಯಲ್ಲಿ ಕುಳಿತಿದ್ದಾನೆ; ತಟ್ಟೆ ಹಿಡಿದು ನಿಂತವನಲ್ಲ. ಜಗಳವಿದ್ದರೆ ಗಲ್ಲೆಗೆ ಹೋಗಿ, ಮರ್ಯಾದೆಯಿಂದ ಆಡಿ. ಗುಂಪಾಗಿ ಹೋಗುವಾಗ ಬೆಳಿಗ್ಗೆಯೇ ಒಬ್ಬರು ಮುಂದೆ ಹೋಗಿ ಇಷ್ಟು ಜನ, ಇಷ್ಟು ಹೊತ್ತಿಗೆ ಎಂದು ಹೇಳಿ ಬನ್ನಿ. ಅಲ್ಲಿ ಬೇಯುವುದನ್ನು ಉಣ್ಣಿ. ಝುಣಕಾ-ಭಾಕರಿಯ ಊರಿಗೆ ಹೋಗಿ ಮಸಾಲೆ ದೋಸೆ ಏಕಿಲ್ಲ ಎಂದು ರೇಗುವುದು ಯಾವ ಶಾಣ್ಯಾತನ? ತಟ್ಟೆಯಲ್ಲಿ ಬಿಡಬೇಡಿ. ಬಿಟ್ಟ ಅನ್ನವೂ ಹೊತ್ತು ತಂದದ್ದೇ. ಎಸೆದ ಬಾಟಲಿಯನ್ನು ಮತ್ತೊಬ್ಬ ಕೆಳಗೆ ಹೊರಬೇಕು. ಬೇಸಿಗೆಯಲ್ಲಿ ಹೋದರೆ ದಾರಿ ಬದಿಯಲ್ಲಿ ಕವಳಿಹಣ್ಣು, ನೇರಳೆಹಣ್ಣು ಮಾರುವ ಆದಿವಾಸಿ ಹೆಂಗಸರೊಡನೆ ಐದು ರೂಪಾಯಿಗೆ ಚೌಕಾಶಿ ಮಾಡಬೇಡಿ.

ಬಕ್ಷೀಸಿನ ಮಾತೂ ಇದೆ. ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜು’ ಎಂದು ತಾನಾಗಿ ಸೇರಿಸಬಾರದೆಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಗಲ್ಲೆ ಸೇರಿದ ಆ ಹಣದಲ್ಲಿ ಬಡಿಸಿದವನ ಪಾಲೆಷ್ಟು ಎಂದು ಕೇಳಿದರೆ ನಮ್ಮವರು ನಗುತ್ತಾರೆ. ಆದುದರಿಂದ ಕೊಡುವುದಿದ್ದರೆ ಕೈಯಲ್ಲಿ ಕೊಡಿ. ತಟ್ಟೆ ತೊಳೆದವನನ್ನೂ ನೆನೆಯಿರಿ. ಆದರೆ ಬಕ್ಷೀಸು ಸಂಬಳದ ಬದಲಲ್ಲ ಎಂಬುದನ್ನು ಮರೆಯಬೇಡಿ. ಬಕ್ಷೀಸು ಬರುತ್ತದಲ್ಲ ಎಂದು ಸಂಬಳ ಇಳಿಸುವ ಸೇಟಿಗೆ ನಮ್ಮ ಉದಾರತನ ಊರುಗೋಲಾಗಬಾರದು.

ಮತ್ತು ಎಳೆಯ ಕೈಗಳನ್ನು ನೋಡಿ. ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ 2006ರ ಅಕ್ಟೋಬರ್ 10ರಿಂದ ಜಾರಿಯಲ್ಲಿದೆ. ನಾನು ಮೋರಿಗೆ ಕುಳಿತು ಎರಡು ವರ್ಷವಾದ ಮೇಲೆ ಅದು ಬಂತು. ನನಗೆ ಸಿಗದೆ ಹೋದದ್ದು ಈಗಿನ ಮಕ್ಕಳಿಗೆ ಸಿಗಲಿ. ಅಂಥ ಮಗುವನ್ನು ಕಂಡರೆ ‘ಪಾಪ’ ಎಂದು ಹೆಚ್ಚು ಬಕ್ಷೀಸು ಕೊಟ್ಟು ಬರುವುದಲ್ಲ. 1098ಕ್ಕೆ ಕರೆ ಮಾಡುವುದು.

ಕೊನೆಗೆ ಒಂದು ಕಹಿ ಪ್ರಶ್ನೆ. ಆ ಹುಡುಗ ಬೈಂದೂರಿನವನೋ ಕಾರ್ಕಳದವನೋ ಆಗಿದ್ದರೆ, ನಮ್ಮ ಮಾತು ಕೇಳಿ “ಎಂತ ಬೇಕು ಅಣ್ಣ?” ಎಂದಿದ್ದರೆ, ನಾವು ಮೇಜು ಬಡಿಯುತ್ತಿದ್ದೆವೆ? ಇಲ್ಲ. ಯಾವ ಊರು, ಯಾರ ಮಗ ಎಂದು ವಿಚಾರಿಸಿ, ಹೋಗುವಾಗ ಕೈಗೆ ನೂರು ರೂಪಾಯಿ ಇಟ್ಟು ಬರುತ್ತಿದ್ದೆವು. ಭಾಷೆಯ ಅಭಿಮಾನ ನಮ್ಮನ್ನು ಒಂದುಗೂಡಿಸಿದೆ. ಪರಸ್ಥಳದಲ್ಲಿ ನಮಗೆ ಬೆನ್ನೆಲುಬು ಕೊಟ್ಟಿದೆ. ಆದರೆ ಎಂಜಲು ತಟ್ಟೆ ಎತ್ತುವ ಕೈಗೆ ಕನ್ನಡ, ಮರಾಠಿ ಎಂಬ ಭೇದವಿಲ್ಲ. ಸಂಘದ ಸಭೆಯಲ್ಲಿ ಕಾರ್ಮಿಕ, ಖಾನಾವಳಿಯ ಮೇಜಿನಲ್ಲಿ ಸೇಟು ಎಂದಾದರೆ ನಮ್ಮ ಸಂಘಕ್ಕೆ ಅರ್ಥವೇನು?

ಮೇಜು ಬಡಿದ ಆ ಹಿರಿಯರಿಗೆ ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಕು ಮಾರಾಯ. ಮುಂದಿನ ಸಲ ಬೆಳಿಗ್ಗೆ ಮುಂದೆ ಹೋಗಿ ಹೇಳಿ ಬರುವ ಕೆಲಸ ನನಗಿರಲಿ” ಎಂದರು. ಬರುವ ಚಳಿಗಾಲದಲ್ಲಿ ಮತ್ತೆ ಹೋಗುವುದಿದೆ. ಅದೇ ಖಾನಾವಳಿಗೆ ಹೋಗೋಣ. ಬಾಕಿ ಸಂಬಳದ ನಿಯಮವನ್ನು ಮರಾಠಿಯಲ್ಲಿ ಬರೆದ ಒಂದು ಚೀಟಿಯನ್ನೂ ಜೊತೆಗೆ ಒಯ್ಯೋಣ. ಮರಾಠಿ ಚೆನ್ನಾಗಿ ಬರೆಯಬಲ್ಲವರು ಕಚೇರಿಗೆ ಬಂದು ಕಾಣಬೇಕೆಂದು ವಿನಂತಿ.